ಲೀಟರ್ ಲೆಕ್ಕ ಸಾಲದು: ಮನೆಯಂಗಳದ ಕಳೆನಾಶಕವನ್ನು ಬಿಲ್ಲಿನಿಂದ ಅಳೆಯುವುದು ಹೇಗೆ

ಮಾನ್ಯ ಸಂಪಾದಕರೇ,

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಖಾಲಿ ನಿವೇಶನಗಳಿಗೂ ಮನೆಯ ಕಾಂಪೌಂಡಿನ ಒಳಕ್ಕೂ ಕಳೆನಾಶಕ ಹೊಡೆಸುವುದು ಹೆಚ್ಚುತ್ತಿದೆ ಎಂಬ ವರದಿ ಇತ್ತೀಚೆಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿತ್ತು. ವರದಿಯ ಕಾಳಜಿಯ ಬಗ್ಗೆ ತಕರಾರಿಲ್ಲ. ಆದರೆ ಬಳಕೆಯ ಪ್ರಮಾಣವನ್ನು ಅಂಗಡಿಗಳಲ್ಲಿ ಮಾರಾಟವಾದ ಲೀಟರುಗಳಲ್ಲಿ ಹೇಳಿ, ಅಷ್ಟೂ ಲೀಟರ್ ವಿಷ ಊರಿನ ನೆಲಕ್ಕೆ ಸೇರಿತೆಂದು ತೀರ್ಮಾನಿಸಿದ್ದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ. ಗೊಬ್ಬರದ ಅಂಗಡಿಗಳ ಖರೀದಿ, ಮಾರಾಟ, ದಾಸ್ತಾನಿನ ಲೆಕ್ಕ ಬರೆಯುವುದು ನನ್ನ ವೃತ್ತಿಯಾದ್ದರಿಂದ, ಈ ಬಿಲ್ಲುಗಳಿಂದ ಏನನ್ನು ತಿಳಿಯಬಹುದು, ಎಲ್ಲಿ ಅವು ಕೈಕೊಡುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಂಗಡಿಗೆ ಬಂದವರು ‘ಹುಲ್ಲು ಸಾಯೋ ಎಣ್ಣೆ ಕೊಡಿ’ ಎನ್ನುತ್ತಾರೆಯೇ ಹೊರತು ರಾಸಾಯನಿಕದ ಹೆಸರು ಹಿಡಿದು ಕೇಳುವವರು ಅಪರೂಪ. ಆ ಒಂದು ಮಾತಿಗೆ ಕೌಂಟರಿನ ಮೇಲೆ ಬರುವುದು ಗ್ಲೈಫೋಸೇಟ್ ಶೇ 41ರ ದ್ರಾವಣವಾಗಿರಬಹುದು, ಅದರದೇ ಶೇ 71ರ ಹರಳಿನ ಪೊಟ್ಟಣವಾಗಿರಬಹುದು, ಗ್ಲುಫೊಸಿನೇಟ್ ಅಮೋನಿಯಂ ಶೇ 13.5 ಆಗಿರಬಹುದು, ಪ್ಯಾರಾಕ್ವಾಟ್ ಡೈಕ್ಲೋರೈಡ್ ಶೇ 24 ಆಗಿರಬಹುದು. ಕಾಂಗ್ರೆಸ್ ಗಿಡವೇ ಹೆಚ್ಚಾಗಿದ್ದರೆ 2,4-ಡಿ ಬರಬಹುದು. ಬಾಟಲಿಯ ಅಳತೆ ಒಂದೇ ಆದರೂ ಒಳಗಿನ ಸಕ್ರಿಯ ಅಂಶ, ಅಂದರೆ ಕಳೆಯನ್ನು ನಿಜವಾಗಿ ಕೊಲ್ಲುವ ರಾಸಾಯನಿಕ, ಒಂದೇ ಅಲ್ಲ. ಆದ್ದರಿಂದ ಲೀಟರುಗಳನ್ನು ಕೂಡಿಸುವ ಮೊದಲು ಪ್ರತಿಯೊಂದು ಸರಕನ್ನೂ ಅದರ ಸಕ್ರಿಯ ಅಂಶದ ತೂಕಕ್ಕೆ ಇಳಿಸಬೇಕು.

ಇಳಿಸುವುದು ಕಷ್ಟದ ಕೆಲಸವಲ್ಲ, ಆದರೆ ಲೇಬಲ್ಲನ್ನು ಪೂರ್ತಿ ಓದಬೇಕು. ಗ್ಲೈಫೋಸೇಟ್ ಶೇ 41 ಎಂದರೆ ತೂಕದ ಲೆಕ್ಕದಲ್ಲಿ ನೂರಕ್ಕೆ 41 ಭಾಗ, ಅದೂ ಗ್ಲೈಫೋಸೇಟಿನ ಐಸೊಪ್ರೊಪೈಲಮೈನ್ ಲವಣ, ಅಂದರೆ ಗ್ಲೈಫೋಸೇಟ್ ಆಮ್ಲವೂ ಐಸೊಪ್ರೊಪೈಲಮೈನೂ ಕೂಡಿದ ಪದಾರ್ಥ. ಈ ದ್ರಾವಣ ನೀರಿಗಿಂತ ಭಾರ; ಒಂದು ಲೀಟರ್ ಸುಮಾರು 1.17 ಕಿಲೊ ತೂಗುವುದರಿಂದ ಅದರಲ್ಲಿ ಇರುವ ಲವಣ 410 ಗ್ರಾಂ ಅಲ್ಲ, ಸುಮಾರು 480 ಗ್ರಾಂ. ಮೊದಲ ಹೆಜ್ಜೆಯಲ್ಲೇ 410 ಎಂದು ಹಿಡಿದವರ ಲೆಕ್ಕ ಕೊನೆಯವರೆಗೂ ನೂರಕ್ಕೆ 15ರಷ್ಟು ಕಡಿಮೆಯಾಗಿಯೇ ಉಳಿಯುತ್ತದೆ. ಇನ್ನು ಆ 480 ಗ್ರಾಮಿನಲ್ಲಿ ಕಾಲು ಭಾಗದಷ್ಟು ತೂಕ ಐಸೊಪ್ರೊಪೈಲಮೈನಿನದು; ಕಳೆಯನ್ನು ಕೊಲ್ಲುವ ಗ್ಲೈಫೋಸೇಟ್ ಆಮ್ಲದ ತೂಕ ಸುಮಾರು 356 ಗ್ರಾಂ ಮಾತ್ರ. ಶೇ 71ರ ಪೊಟ್ಟಣದಲ್ಲಿರುವುದು ಅಮೋನಿಯಂ ಲವಣ. ಅಮೋನಿಯಂ ಹಗುರವಾದ್ದರಿಂದ ಅಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಆಮ್ಲವೇ. 100 ಗ್ರಾಮಿನ ಒಂದು ಪೊಟ್ಟಣದಲ್ಲಿ ಅದು ಸುಮಾರು 64 ಗ್ರಾಂ ಆಗುತ್ತದೆ, ಅಂದರೆ ಐದೂವರೆ ಪೊಟ್ಟಣ ಒಂದು ಲೀಟರ್ ಬಾಟಲಿಗೆ ಸಮ. 2,4-ಡಿ ಈಥೈಲ್ ಎಸ್ಟರ್ ಶೇ 38 ಎಂಬುದು ಆಮ್ಲದ ಲೆಕ್ಕಕ್ಕೆ ಶೇ 34 ಆಗುತ್ತದೆ. ಪ್ಯಾರಾಕ್ವಾಟಿನ ಶೇ 24ರಲ್ಲಿಯೂ ಕ್ಲೋರೈಡಿನ ತೂಕ ಸೇರಿದೆ. ಅದನ್ನು ಕಳೆದರೆ ಉಳಿಯುವುದು ಮುಕ್ಕಾಲಿಗಿಂತ ತುಸು ಕಡಿಮೆ.

ಒಂದು ಅಂಗಡಿ 100 ಲೀಟರ್ ಗ್ಲೈಫೋಸೇಟನ್ನೂ 100 ಲೀಟರ್ ಗ್ಲುಫೊಸಿನೇಟನ್ನೂ ಮಾರಿತೆಂದು ಇಟ್ಟುಕೊಳ್ಳೋಣ. ವರದಿಯ ರೀತಿಯಲ್ಲಿ ಹೇಳಿದರೆ ಅದು 200 ಲೀಟರ್. ಸಕ್ರಿಯ ಅಂಶದಲ್ಲಿ ಹೇಳಿದರೆ ಮೊದಲನೆಯದು 35 ಕಿಲೊ ದಾಟುತ್ತದೆ, ಎರಡನೆಯದು ಲವಣದ ಲೆಕ್ಕದಲ್ಲಿಯೇ 15 ಕಿಲೊ. ಮುಂದಿನ ವರ್ಷ ಗಿರಾಕಿಗಳು ಬಾಟಲಿ ಬಿಟ್ಟು ಶೇ 71ರ ಪೊಟ್ಟಣಕ್ಕೆ ಹೊರಳಿದರೆ ಲೀಟರುಗಳ ಲೆಕ್ಕದಲ್ಲಿ ಬಳಕೆ ಕುಸಿದಂತೆ ಕಾಣುತ್ತದೆ. ನೆಲಕ್ಕೆ ಬೀಳುವುದು ಒಂದು ಗ್ರಾಮೂ ಕಡಿಮೆಯಾಗಿರಬೇಕೆಂದಿಲ್ಲ.

ಸಕ್ರಿಯ ಅಂಶದ ತೂಕಗಳನ್ನೂ ಒಂದೇ ಮೊತ್ತವಾಗಿ ಕೂಡಿಸಿಟ್ಟು ಇಷ್ಟು ಟನ್ ಎಂದು ಘೋಷಿಸಬಾರದು. ಭದ್ರಾ ನಾಲೆಯ ಕೆಳಗಿನ ಭತ್ತದ ಗದ್ದೆಗಳಿಗೆ ಬಳಸುವ ಮೆಟ್‌ಸಲ್ಫ್ಯೂರಾನ್ ಮೀಥೈಲ್ ಶೇ 20ರ ಪುಡಿ ಎಕರೆಗೆ 8 ಗ್ರಾಂ ಸಾಕು, ಅದರಲ್ಲಿ ಸಕ್ರಿಯ ಅಂಶ 1.6 ಗ್ರಾಂ. ಎಕರೆಗೆ ಒಂದು ಲೀಟರಿನಂತೆ ಹೊಡೆಯುವ ಗ್ಲೈಫೋಸೇಟಿನಲ್ಲಿ ಅದು 356 ಗ್ರಾಂ. ಒಂದೇ ಎಕರೆ, ತೂಕದಲ್ಲಿ 200 ಪಟ್ಟಿಗೂ ಮೀರಿದ ವ್ಯತ್ಯಾಸ. ಒಟ್ಟು ಟನ್ನು ಇಳಿಯಿತೆಂದು ಸಂತೋಷಪಡುವ ಅಧಿಕಾರಿಯೂ ಏರಿತೆಂದು ಗಾಬರಿಯಾಗುವ ಓದುಗರೂ ಯಾವ ರಾಸಾಯನಿಕ ಯಾವುದರ ಜಾಗಕ್ಕೆ ಬಂತು ಎಂಬುದನ್ನು ಮೊದಲು ಕೇಳಬೇಕಾಗುತ್ತದೆ. ಹೀಗಾಗಿ ಅಂಕಿಗಳನ್ನು ಒಂದೊಂದು ರಾಸಾಯನಿಕಕ್ಕೂ ಬೇರೆಯಾಗಿಯೇ ಕೊಡಬೇಕು.

ಮಾರಾಟದ ಗೊಡವೆಗೆ ಹೋಗದೆ, ಎಷ್ಟು ನಿವೇಶನಗಳಿವೆ ಎಂದು ಎಣಿಸಿ ಲೇಬಲ್ಲಿನ ಪ್ರಮಾಣದಿಂದ ಗುಣಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು, ಏಕೆಂದರೆ ಲೇಬಲ್ ಹೇಳುವಷ್ಟನ್ನೇ ಯಾರೂ ಹೊಡೆಯುವುದಿಲ್ಲ. ನಮ್ಮ ಬಡಾವಣೆಗಳಲ್ಲಿ ಸಾಮಾನ್ಯವಾದ 30x40ರ ನಿವೇಶನವನ್ನೇ ತೆಗೆದುಕೊಳ್ಳಿ. ಅಂಥವು ಒಂದು ಹೆಕ್ಟೇರಿಗೆ ಸುಮಾರು 90 ಬರುತ್ತವೆ. ಬೆಳೆಯಿಲ್ಲದ ಜಾಗಕ್ಕೆ ಗ್ಲೈಫೋಸೇಟ್ ಶೇ 41ರ ಶಿಫಾರಸು ಹೆಕ್ಟೇರಿಗೆ 2ರಿಂದ 3 ಲೀಟರ್, 450 ಲೀಟರ್ ನೀರಿನಲ್ಲಿ. ಭಾಗಿಸಿ ನೋಡಿದರೆ ಒಂದು ನಿವೇಶನದ ಪಾಲು 22ರಿಂದ 33 ಎಂಎಲ್ ಎಣ್ಣೆ, 5 ಲೀಟರ್ ನೀರು. ಆದರೆ ಬೆನ್ನಿಗೆ ಏರುವ ಟ್ಯಾಂಕು 15–16 ಲೀಟರಿನದು. ಹೊಡೆಯುವವನು ಟ್ಯಾಂಕಿಗೆ 100 ಎಂಎಲ್ ಸುರಿದು, ಅದರ ಮೇಲೆ ಒಂದು ಶಾಂಪೂ ಸ್ಯಾಷೆ ಅಥವಾ ಒಂದು ಹಿಡಿ ಯೂರಿಯಾ ಹಾಕಿ, ಇಡೀ ಟ್ಯಾಂಕನ್ನು ಆ ಒಂದೇ ನಿವೇಶನದಲ್ಲಿ ಮುಗಿಸಿ ಹೋಗುತ್ತಾನೆ. ಅಲ್ಲಿಗೆ ಶಿಫಾರಸಿನ ಮೂರರಿಂದ ನಾಲ್ಕೂವರೆ ಪಟ್ಟು ಆಯಿತು. (ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಗ್ಲೈಫೋಸೇಟನ್ನು ಹಿಡಿದಿಟ್ಟುಕೊಂಡು ಅದರ ಕಸುವು ತಗ್ಗಿಸುತ್ತದೆ. ಹುಲ್ಲು ಸಾಯಲಿಲ್ಲವೆಂದು ಮುಂದಿನ ಸಲ ಇನ್ನಷ್ಟು ಸುರಿಯುವುದಕ್ಕೆ ಇದೂ ಒಂದು ಕಾರಣ.) ಲೇಬಲ್ಲಿನಿಂದ ಗುಣಿಸಿದ ಲೆಕ್ಕ ಈ ಹೆಚ್ಚುವರಿಯನ್ನು ಎಂದೂ ಕಾಣಲಾರದು, ಅಂಗಡಿಯಿಂದ ಹೊರಬಿದ್ದ ಸರಕಿನ ಲೆಕ್ಕ ಕಾಣುತ್ತದೆ. ಎಲ್ಲ ಕೊರತೆಗಳ ನಡುವೆಯೂ ಮಾರಾಟದ ದಾಖಲೆಯನ್ನೇ ನಂಬಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಈ ಬಗೆಯ ಅಂದಾಜು ಅಮೆರಿಕದಲ್ಲಿ ಹಿಂದಿನಿಂದಲೂ ನಡೆದಿದೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1990ರಿಂದ ಕೃಷಿಯಲ್ಲಿ ಬಳಸಿದ ಪ್ರತಿ ಕೀಟನಾಶಕದ (ಕಳೆನಾಶಕವೂ ಇದರಲ್ಲಿ ಸೇರಿದೆ) ವರದಿಯನ್ನೂ ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲೆಯ, ಕೃಷಿ ಅಧಿಕಾರಿಗೆ ಕೊಡಬೇಕು. ಮನೆಯವರಿಗೆ ಆ ಕಟ್ಟುಪಾಡು ಇಲ್ಲ. ಆದರೆ ರಾಜ್ಯದಲ್ಲಿ ಮಾರಾಟವಾದದ್ದರ ಲೆಕ್ಕ ಬೇರೆಯಾಗಿಯೇ ಸಿಗುವುದರಿಂದ ಮಾರಾಟಕ್ಕೂ ವರದಿಯಾದ ಬಳಕೆಗೂ ಇರುವ ಅಂತರವನ್ನು ನೋಡಿ ಮನೆ ಬಳಕೆಯ ಸುಳಿವು ಹಿಡಿಯುತ್ತಾರೆ. ಅಲ್ಲಿನ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ 2012ರ ಅಂದಾಜಿನಲ್ಲಿ ಮನೆ ಮತ್ತು ಕೈತೋಟದ ಬಳಕೆಯಲ್ಲಿ 2,4-ಡಿ ಮೊದಲನೆಯದು, ಗ್ಲೈಫೋಸೇಟ್ ಎರಡನೆಯದು. ಆ ಸಂಸ್ಥೆ ಒಂದೇ ಖಚಿತ ಅಂಕಿ ಕೊಡದೆ ‘ಇಷ್ಟರಿಂದ ಇಷ್ಟರವರೆಗೆ’ ಎಂಬ ವ್ಯಾಪ್ತಿಯನ್ನು ಕೊಡುತ್ತದೆ ಎಂಬುದನ್ನು ನಮ್ಮವರು ಗಮನಿಸಬೇಕು. ಬ್ರ್ಯಾಂಡಿನ ಹೆಸರನ್ನು ನಂಬಿ ಲೆಕ್ಕ ಹಾಕುವವರು ಎಡವುವ ಜಾಗವೂ ಅಲ್ಲಿಯೇ ಸಿಗುತ್ತದೆ: ರೌಂಡಪ್ ಎಂದರೆ ಗ್ಲೈಫೋಸೇಟ್ ಎಂಬುದು 1974ರಿಂದ ಲೋಕಕ್ಕೆಲ್ಲ ಗೊತ್ತಿದ್ದ ಮಾತು, ಆದರೆ ಬೇಯರ್ ಕಂಪನಿ 2021ರಲ್ಲಿ ಘೋಷಿಸಿ, 2023ರಿಂದ ಅಮೆರಿಕದ ಮನೆ ಬಳಕೆಯ ರೌಂಡಪ್‌ನಲ್ಲಿ ಗ್ಲೈಫೋಸೇಟನ್ನು ಬಿಟ್ಟು ಬೇರೆ ಸಕ್ರಿಯ ಅಂಶಗಳನ್ನು ಹಾಕತೊಡಗಿತು. ಹೆಸರು ಅದೇ, ಸರಕು ಬೇರೆ.

ಅಲ್ಲಿಯ ವಿಧಾನವನ್ನು ಇಲ್ಲಿಗೆ ಹಾಗೆಯೇ ತರಲು ಬಾರದು. ಅಲ್ಲಿ ಮನೆ ಬಳಕೆಯ ಸರಕು ಬೇರೆ ಲೇಬಲ್ಲಿನಲ್ಲಿ, ಬಹುತೇಕ ಮೊದಲೇ ನೀರು ಬೆರೆಸಿದ ಸ್ಥಿತಿಯಲ್ಲಿ, ಬೇರೆ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿ ಚನ್ನಗಿರಿಯ ಅಡಿಕೆ ತೋಟಕ್ಕೆ ಹೋಗುವ ಬಾಟಲಿಯೇ ನಿಟುವಳ್ಳಿಯ ಮನೆಯಂಗಳಕ್ಕೂ ಹೋಗುತ್ತದೆ. ಕಾಗದದ ಮೇಲೆ ನೋಡಿದರೆ ಪರಿಸ್ಥಿತಿ ಇನ್ನೂ ತಮಾಷೆಯಾಗಿದೆ. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಮಂಜೂರಾಗಿರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ದಾವಣಗೆರೆ ಜಿಲ್ಲೆಯಲ್ಲಿ ಚಹಾ ಬೆಳೆಯುವುದಿಲ್ಲ. ಅಂದಮೇಲೆ ಲೇಬಲ್ಲನ್ನೇ ನಂಬುವುದಾದರೆ ಜಿಲ್ಲೆಯಲ್ಲಿ ಮಾರಾಟವಾದ ಪ್ರತಿ ಹನಿ ಗ್ಲೈಫೋಸೇಟೂ ನಿವೇಶನ, ರಸ್ತೆ ಬದಿ, ಬದುಗಳಿಗೇ ಹೋಗಿರಬೇಕು, ತೋಟಕ್ಕೆ ಒಂದು ಹನಿಯೂ ಹೋಗಿರಬಾರದು! ಅಡಿಕೆ ಸಾಲಿನ ನಡುವೆ ಕಂದು ಬಣ್ಣಕ್ಕೆ ತಿರುಗಿದ ಹುಲ್ಲನ್ನು ಕಂಡ ಯಾರೂ ಇದನ್ನು ಒಪ್ಪಲಾರರು.

ಹೀಗಾಗಿ ಮನೆಯ ಪಾಲು ಎಷ್ಟೆಂದು ಬಿಲ್ಲಿನಲ್ಲಿಯೇ ಹುಡುಕಬೇಕು. 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳಡಿ ಕಳೆನಾಶಕವನ್ನೂ ಪರವಾನಗಿ ಇದ್ದ ಅಂಗಡಿಯವರೇ, ಬಿಲ್ ಕೊಟ್ಟೇ ಮಾರಬೇಕು. ಬಿಲ್ಲಿನಲ್ಲಿ ಸರಕಿನ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು, ಪ್ಯಾಕಿನ ಅಳತೆ ಎಲ್ಲವೂ ಅಚ್ಚುಕಟ್ಟಾಗಿ ಇರುತ್ತವೆ. ಗ್ರಾಹಕರ ಹೆಸರಿನ ಜಾಗಕ್ಕೆ ಬಂದರೆ ‘ನಗದು’ ಎಂಬ ಒಂದು ಶಬ್ದ. ಅದರ ಕೆಳಗೆ ಊರು ಎಂಬಲ್ಲಿ ಒಂದು ಗೀಟು, ಇಲ್ಲವೇ ಕಂಪ್ಯೂಟರ್ ತಾನಾಗಿ ತುಂಬಿದ ‘ದಾವಣಗೆರೆ’. ಸಾಲ ಬರೆಸುವ ರೈತನ ಬಿಲ್ಲಿನಲ್ಲಿ ಮಾತ್ರ ಹೆಸರು, ಊರು, ಕೆಲವೊಮ್ಮೆ ಅವರ ತಂದೆಯ ಹೆಸರೂ ಸ್ಪಷ್ಟವಾಗಿ ಇರುತ್ತವೆ, ಏಕೆಂದರೆ ವಸೂಲಿಗೆ ಅದು ಬೇಕು. ನಿವೇಶನದವರು ಅರ್ಧ ಲೀಟರಿಗೆ ಸಾಲ ಹೇಳುವುದಿಲ್ಲ. ಅಂದರೆ ನಾವು ಯಾರನ್ನು ಹುಡುಕುತ್ತಿದ್ದೇವೆಯೋ ಅವರೆಲ್ಲ ‘ನಗದು’ ಎಂಬ ಆ ಒಂದೇ ಹೆಸರಿನ ಹಿಂದೆ ಕುಳಿತಿದ್ದಾರೆ.

ಜಿಎಸ್‌ಟಿ ದಾಖಲೆಯಿಂದ ತೆಗೆಯಬಹುದಲ್ಲ ಎಂದರೆ ಅಲ್ಲಿಯೂ ತೊಡಕಿದೆ. ತೆರಿಗೆಗಾಗಿ ಸರಕುಗಳನ್ನು ವಿಂಗಡಿಸುವ ಎಚ್‌ಎಸ್‌ಎನ್ ಕೋಡ್ ಕಳೆನಾಶಕಕ್ಕೆ ಆರು ಅಂಕಿಯಲ್ಲಿ 380893, ಅದರಲ್ಲಿಯೂ ಬೆಳವಣಿಗೆ ನಿಯಂತ್ರಕಗಳು ಸೇರಿಕೊಂಡಿವೆ. ಆದರೆ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದ ಅಂಗಡಿಗೆ ನಾಲ್ಕು ಅಂಕಿ ಬರೆದರೆ ಸಾಕು. 3808 ಎಂದಷ್ಟೇ ಬರೆದಾಗ ಕಳೆನಾಶಕ, ಕೀಟನಾಶಕ, ಶಿಲೀಂಧ್ರನಾಶಕ, ಇಲಿ ಪಾಷಾಣ, ಸೊಳ್ಳೆ ಬತ್ತಿ, ನೆಲ ಒರೆಸುವ ಸೋಂಕುನಿವಾರಕ ಎಲ್ಲವೂ ಒಂದೇ ಚೀಲಕ್ಕೆ ಬೀಳುತ್ತವೆ. ತೆರಿಗೆಗೆ ಅಷ್ಟು ಸಾಕು, ನಮ್ಮ ಪ್ರಶ್ನೆಗೆ ಸಾಲದು.

ಪ್ಯಾಕಿನ ಅಳತೆಯಿಂದ ಊಹಿಸುವುದು ಇನ್ನೊಂದು ದಾರಿ. ನಗರದೊಳಗಿನ ಅಂಗಡಿಯಲ್ಲಿ, ಮುಂಗಾರು ಹಿಡಿದ ಮೇಲಿನ ವಾರಗಳಲ್ಲಿ ಮತ್ತು ದಸರಾ, ದೀಪಾವಳಿಗೆ ಮುಂಚೆ, ನಗದಿಗೆ ಹೋಗುವ 100, 250, 500 ಎಂಎಲ್ ಬಾಟಲಿಗಳಲ್ಲಿ ಹೆಚ್ಚಿನವು ಮನೆ, ನಿವೇಶನಗಳಿಗೆ ಎಂದು ಹಿಡಿಯುವುದು ತಪ್ಪಾಗಲಾರದು. ಇದನ್ನು ಕೆಳಗಿನ ಮಿತಿ ಎನ್ನಬಹುದು. ಕೆಳಗಿನ ಮಿತಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಬಡಾವಣೆಗಳಲ್ಲಿ ಗುತ್ತಿಗೆಗೆ ಎಣ್ಣೆ ಹೊಡೆಯುವವರು ಒಯ್ಯುವುದು 5 ಲೀಟರಿನ ಕ್ಯಾನು, ಅದು ದೊಡ್ಡ ರೈತನ ಖರೀದಿಯಂತೆಯೇ ಕಾಣುತ್ತದೆ. ಮೇಲಿನ ಮಿತಿಗೆ ನಗರದ ಅಂಗಡಿಗಳ ಒಟ್ಟು ಮಾರಾಟದಲ್ಲಿ ಊರಿನ ಹೆಸರು ಇರುವ ಸಾಲದ ಬಿಲ್ಲುಗಳನ್ನು ಕಳೆದು ಉಳಿದದ್ದನ್ನೆಲ್ಲ ಹಿಡಿಯಬೇಕಾಗುತ್ತದೆ. ಈ ಎರಡರ ನಡುವಿನ ಅಂತರ ದೊಡ್ಡದೇ ಇರುತ್ತದೆ. ಇರಲಿ, ಅದನ್ನು ಮುಚ್ಚಿಡದೆ ಹಾಗೆಯೇ ಪ್ರಕಟಿಸಲಿ.

ಮಾರಿದ್ದೆಲ್ಲ ಅದೇ ತಿಂಗಳು ನೆಲಕ್ಕೆ ಬೀಳುವುದಿಲ್ಲ ಎಂಬ ಆಕ್ಷೇಪ ನಿಜ. ಅರ್ಧ ಉಳಿದ ಬಾಟಲಿ ಮೆಟ್ಟಿಲ ಕೆಳಗೆ ವರ್ಷವಿಡೀ ಕುಳಿತಿರುತ್ತದೆ, ಹರಿಹರದಲ್ಲೋ ರಾಣೆಬೆನ್ನೂರಿನಲ್ಲೋ ಕೊಂಡದ್ದು ಇಲ್ಲಿಗೆ ಬರುತ್ತದೆ, ಆನ್‌ಲೈನ್ ಖರೀದಿಯಂತೂ ಸ್ಥಳೀಯ ಬಿಲ್ಲಿಗೆ ಸಿಗುವುದೇ ಇಲ್ಲ. ಆದರೂ ಎರಡು ಮೂರು ವರ್ಷಗಳ ಸರಾಸರಿ ತೆಗೆದರೆ ದಾಸ್ತಾನಿನ ಏರಿಳಿತ ಬಹುಪಾಲು ಸಮವಾಗುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ, ನೀರನ್ನೇ ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ 2012ರ ಆವೃತ್ತಿಯಲ್ಲಿ ಕೀಟನಾಶಕಗಳ ಪಟ್ಟಿ ಇದೆ. ಲೀಟರಿಗೆ ಅಟ್ರಜಿನ್ 2 ಮೈಕ್ರೋಗ್ರಾಂ, 2,4-ಡಿ 30, ಬ್ಯುಟಾಕ್ಲೋರ್ 125 ಎಂದು ಮಿತಿಗಳಿವೆ. ಆ ಪಟ್ಟಿಯಲ್ಲಿ ಗ್ಲೈಫೋಸೇಟ್ ಇಲ್ಲ. ಅಮೆರಿಕದಲ್ಲಿ ಅದಕ್ಕೆ 700 ಮೈಕ್ರೋಗ್ರಾಮಿನ ಮಿತಿ ಇದೆ. ಐರೋಪ್ಯ ಒಕ್ಕೂಟದಲ್ಲಿ ಯಾವುದೇ ಒಂದು ಕೀಟನಾಶಕಕ್ಕೂ ಇರುವ 0.1 ಮೈಕ್ರೋಗ್ರಾಮಿನ ಮಿತಿಯೇ ಇದಕ್ಕೂ ಅನ್ವಯಿಸುತ್ತದೆ. ಪಟ್ಟಿಯಲ್ಲಿ ಹೆಸರೇ ಇಲ್ಲದ ವಸ್ತುವನ್ನು ಮಾಮೂಲಿ ಪರೀಕ್ಷೆಯಲ್ಲಿ ಯಾರೂ ಹುಡುಕುವುದಿಲ್ಲ. ಹೊಲದ ಮಣ್ಣಿನಲ್ಲಿ ಗ್ಲೈಫೋಸೇಟ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ನಿಜ. ಆದರೆ ಕಾಂಕ್ರೀಟ್ ರಸ್ತೆಯ ಅಂಚಿಗೆ, ಇಂಟರ್‌ಲಾಕ್ ಇಟ್ಟಿಗೆಯ ಸಂದಿಗೆ, ಚರಂಡಿಯ ದಂಡೆಗೆ ಹೊಡೆದದ್ದು ಅಂಟಿಕೊಳ್ಳಲು ಮಣ್ಣಿಲ್ಲದೆ ಮೊದಲ ಮಳೆಗೇ ತೊಳೆದು ಹೋಗುತ್ತದೆ. ನಮ್ಮ ಊರಿಗೆ ಕುಡಿಯುವ ನೀರು ಕೊಡುವ ಕುಂದುವಾಡ ಕೆರೆಗೆ ನೀರು ಬರುವುದು ಭದ್ರಾ ನಾಲೆಯಿಂದ. ಬಯಲಿನಲ್ಲಿ ಹರಿದು ಬರುವ ಆ ನಾಲೆಯ ಏರಿಯ ಮೇಲೆ ಯಾರು ಏನು ಹೊಡೆಯುತ್ತಾರೆ ಎಂಬುದು ತಿಳಿದಿರಬೇಕಲ್ಲವೇ?

ಸಕ್ರಿಯ ಅಂಶದ ಲೆಕ್ಕದಲ್ಲಿ ಬಾರದ ಸಂಗತಿಗಳೂ ಇವೆ. ದ್ರಾವಣ ಎಲೆಗೆ ಅಂಟಲೆಂದು ಕಂಪನಿಯವರು ಬೆರೆಸುವ ಸಾಬೂನಿನಂಥ ಪದಾರ್ಥಗಳ ತೂಕ ಇದರಲ್ಲಿ ಸೇರುವುದಿಲ್ಲ. ಅಂಥದ್ದೊಂದನ್ನು, ಪಿಒಇಎ ಎಂಬುದನ್ನು, ಗ್ಲೈಫೋಸೇಟಿನೊಡನೆ ಬೆರೆಸಕೂಡದೆಂದು ಐರೋಪ್ಯ ಒಕ್ಕೂಟ 2016ರಲ್ಲಿ ನಿಷೇಧಿಸಿತು. ಪ್ಯಾರಾಕ್ವಾಟಿನ ವಿಷಯದಲ್ಲಂತೂ ಕಿಲೊ ಲೆಕ್ಕ ಎರಡನೆಯ ಮಾತು. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮಕ್ಕಳಿರುವ ಮನೆಗಳಿಗೆ ಅಂಥ ಎಷ್ಟು ಬಾಟಲಿ ಹೋಗುತ್ತಿವೆ ಎಂಬ ಸಂಖ್ಯೆಯೇ ಅಲ್ಲಿ ಮುಖ್ಯ.

ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದಲ್ಲಿ ಕೀಟ ನಿಯಂತ್ರಣ ನಿರ್ವಾಹಕರ (ಪರವಾನಗಿ ಪಡೆದು ಸಿಂಪಡಣೆ ಮಾಡುವವರ) ಮೂಲಕವಲ್ಲದೆ ಬೇರೆ ಯಾರೂ ಗ್ಲೈಫೋಸೇಟ್ ಬಳಸಕೂಡದೆಂದು ಹೇಳಿತ್ತು. ಉದ್ಯಮದವರು ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಕಾನೂನಿನ ವಾದ ಏನೇ ಇರಲಿ, ಕೊಂಡವರು ನಿರ್ವಾಹಕರೋ ಮನೆಯವರೋ ಎಂದು ಬಿಲ್ಲೇ ಹೇಳದಿದ್ದರೆ ಅಂಥ ಆದೇಶವನ್ನು ಜಾರಿ ಮಾಡುವುದಾದರೂ ಹೇಗೆ?

ಆದ್ದರಿಂದ ಜಿಲ್ಲೆಯ ಕೃಷಿ ಇಲಾಖೆಗೆ ನನ್ನದು ಸಣ್ಣ ಬೇಡಿಕೆ. ಕಳೆನಾಶಕದ ಬಿಲ್ಲಿನಲ್ಲಿ ‘ಎಲ್ಲಿಗೆ’ ಎಂಬ ಒಂದು ಕಾಲಂ ಸೇರಿಸಲಿ: ಹೊಲ, ತೋಟ, ಮನೆ ಅಥವಾ ನಿವೇಶನ, ಗುತ್ತಿಗೆ ಸಿಂಪಡಣೆ. ಗ್ರಾಹಕರ ಹೆಸರು ಬೇಡ, ಫೋನ್ ನಂಬರೂ ಬೇಡ. ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಇದು ಅರ್ಧ ದಿನದ ಕೆಲಸ. ಬಾಯಲ್ಲಿ ಕೇಳಿ ಒಂದು ಗುಂಡಿ ಒತ್ತುವುದಕ್ಕೆ ಅಂಗಡಿಯವರು ಗೊಣಗಬಹುದು, ಗಿರಾಕಿಗಳಲ್ಲಿ ಕೆಲವರು ಸುಳ್ಳನ್ನೂ ಹೇಳಬಹುದು. ಆದರೂ ‘ನಗದು’ ಎಂಬ ಶಬ್ದ ಹೇಳುವುದಕ್ಕಿಂತ ಹೆಚ್ಚನ್ನು ಅದು ಹೇಳುತ್ತದೆ. ಬಂದ ಅಂಕಿಗಳನ್ನು ಲವಣ, ಆಮ್ಲಗಳ ವ್ಯತ್ಯಾಸ ನೋಡಿ ಸಕ್ರಿಯ ಅಂಶಕ್ಕೆ ಇಳಿಸಿ, ರಾಸಾಯನಿಕವಾರು, ತಾಲ್ಲೂಕುವಾರು ವರ್ಷಕ್ಕೊಮ್ಮೆಯಾದರೂ ಪ್ರಕಟಿಸಲಿ. ಈಗ ಕೇಂದ್ರದಿಂದ ಸಿಗುವ ಅಂಕಿಗಳು ಇಡೀ ರಾಜ್ಯಕ್ಕೆ ಇಷ್ಟು ಟನ್ ಎಂಬಲ್ಲಿಗೆ ನಿಲ್ಲುತ್ತವೆ. ಅದರಿಂದ ದಾವಣಗೆರೆಯ ಒಂದು ಬಡಾವಣೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಕಾಲಂ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಹಿಂದಿನ ವರ್ಷಗಳ ಬಿಲ್ಲುಗಳು ಅಂಗಡಿಗಳ ಕಂಪ್ಯೂಟರಿನಲ್ಲಿವೆ, ತಪಾಸಣೆಗೆ ಕೇಳುವ ಅಧಿಕಾರ ಇಲಾಖೆಯ ಪರಿವೀಕ್ಷಕರಿಗೆ ಇದ್ದೇ ಇದೆ. ಮೊದಲಿಗೆ ನಗರದೊಳಗಿನ ಅಂಗಡಿಗಳ ಜೂನ್‌ನಿಂದ ಅಕ್ಟೋಬರ್‌ವರೆಗಿನ ಸಣ್ಣ ಪ್ಯಾಕುಗಳ ಮಾರಾಟವನ್ನಷ್ಟೇ ತೆಗೆಸಿದರೂ ಕೆಳಗಿನ ಮಿತಿ ಕೈಗೆ ಸಿಗುತ್ತದೆ.

ಇತಿ,
ಗೊಬ್ಬರದ ಅಂಗಡಿಗಳ ಲೆಕ್ಕ ಬರೆಯುವ ಓದುಗ,
ದಾವಣಗೆರೆ